ಎಲ್ಲ ಕಾಲಂ ತುಂಬಿದ್ದೆವು

ಹೊಸಪೇಟೆಯ ಬಸ್‌ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ನಾನು ಕೆಲವು ವರ್ಷ ಇಂಟರ್‌ನೆಟ್ ಸೆಂಟರ್ ನಡೆಸಿದೆ. ಆರು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಸ್ಕ್ಯಾನರು. ಗಣಿಯ ಭರಾಟೆಯ ಕಾಲ. ಬೆಳಿಗ್ಗೆ ಒರೆಸಿದ ಕೀಬೋರ್ಡಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೆಂಪು ಧೂಳು ಕೂತಿರುತ್ತಿತ್ತು. ಕೌಂಟರಿನಲ್ಲಿ ಹೆಂಗಸು ಕೂತಿರುತ್ತಾಳೆ ಎನ್ನುವ ಕಾರಣಕ್ಕೆ ಕಂಪ್ಲಿ, ಸಂಡೂರಿನಿಂದಲೂ ಹುಡುಗಿಯರು ನನ್ನಲ್ಲಿಗೇ ಬರುತ್ತಿದ್ದರು. ಮನೆಯವರೂ ಧೈರ್ಯವಾಗಿ ಕಳಿಸುತ್ತಿದ್ದರು. ಆ ನಂಬಿಕೆಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಆಗ ಈಮೇಲ್ ಬೇಕೆಂದು ಬರುವವರಲ್ಲಿ ಹೆಚ್ಚಿನವರು ಮೊದಲ ಸಲ ಮೌಸ್ ಹಿಡಿಯುವವರು. ನಾನೇ ಪಕ್ಕದಲ್ಲಿ ಕೂತು ಅವರ ಹೆಸರು ಕೇಳಿ, ಊರು ಕೇಳಿ, ಒಂದೊಂದೇ ಅಕ್ಷರ ಹೊಡೆದು ಖಾತೆ ಮಾಡಿಕೊಡುತ್ತಿದ್ದೆ. ಮುಂದಿನ ವಾರ ಬಂದಾಗ ಅವರಿಗೆ ಪಾಸ್‌ವರ್ಡ್ ಮರೆತಿರುತ್ತಿತ್ತು. ಹಾಗಾಗಿ ಉದ್ದನೆಯ ಒಂದು ನೋಟುಬುಕ್ಕಿನಲ್ಲಿ ಎಲ್ಲರ ಹೆಸರು, ಎದುರಿಗೆ ಅವರ ಪಾಸ್‌ವರ್ಡ್ ಬರೆದಿಡತೊಡಗಿದೆ. ಯಾರೂ ಬೇಡ ಅನ್ನಲಿಲ್ಲ. 'ನಿಮ್ಮ ಹತ್ರ ಇರ್ಲಿ ಬಿಡ್ರಿ, ನಾ ಎಲ್ಲಿ ನೆನಪಿಟ್ಕೊಳ್ಲಿ' ಎನ್ನುತ್ತಿದ್ದರು. ಆ ನೋಟುಬುಕ್ಕು ಕೌಂಟರಿನ ಮೇಲೆ, ಸ್ಟೇಪ್ಲರಿನ ಪಕ್ಕದಲ್ಲಿ ಬಿದ್ದಿರುತ್ತಿತ್ತು.

ಮಲಪನಗುಡಿಯ ಒಬ್ಬ ಹುಡುಗಿ ತನ್ನ ವಾರದ ರಜೆಯ ದಿನ ತಪ್ಪದೆ ಬರುತ್ತಿದ್ದಳು. ಡಿಗ್ರಿ ಮುಗಿಸಿ ಸಂಡೂರು ರಸ್ತೆಯ ಒಂದು ವೇಬ್ರಿಜ್ಜಿನಲ್ಲಿ, ಅಂದರೆ ಅದಿರಿನ ಲಾರಿಗಳನ್ನು ತೂಗುವ ಕಡೆ, ಕಂಪ್ಯೂಟರ್ ಆಪರೇಟರ್ ಆಗಿದ್ದಳು. ದಿನವಿಡೀ ಕಿಟಕಿಯಾಚೆ ಲಾರಿ ನಿಲ್ಲುವುದು, ಇವಳು ತೂಕದ ಚೀಟಿ ಕೊಡುವುದು. ಅವಳ ಜೊತೆ ಓದಿದವರೆಲ್ಲ ಗೆಳೆಯರನ್ನು ಹುಡುಕಿಕೊಡುವ ಒಂದು ತಾಣ ಸೇರಿದ್ದರು. 'ನನಗೂ ಒಂದು ಪೇಜ್ ಮಾಡಿಕೊಡ್ರಿ ಅಕ್ಕಾ' ಎಂದಳು. ಮಾಡಿಕೊಟ್ಟೆ. ಅಕ್ಕನ ಮದುವೆಯಲ್ಲಿ ನೇರಳೆ ಸೀರೆ ಉಟ್ಟು ತೆಗೆಸಿಕೊಂಡ ಫೋಟೋ ತಂದಿದ್ದಳು, ಸ್ಕ್ಯಾನ್ ಮಾಡಿ ಹಾಕಿದೆ. ಆಮೇಲೆ ಕಾಲಂಗಳು ಬಂದವು. ಹುಟ್ಟಿದ ದಿನ, ಊರು, ಕೆಲಸದ ಜಾಗ, ಫೋನ್ ನಂಬರ್. ಸರ್ಕಾರಿ ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ ಅರ್ಜಿ ವಾಪಸ್ ಬರುವುದನ್ನು ನೋಡಿ ನೋಡಿ ಬೆಳೆದವರು ನಾವಿಬ್ಬರೂ. ಎಲ್ಲವನ್ನೂ ತುಂಬಿದೆವು. ಯಾವುದನ್ನು ಯಾರು ಓದಬಹುದು ಎಂದು ಅವಳು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮೂರ್ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ರಜೆಯ ದಿನವಲ್ಲದ ದಿನ, ಮೆಟ್ಟಿಲು ಹತ್ತಿ ಬಂದಳು. ಧೂಳಿಗೆಂದು ಮುಖಕ್ಕೆ ಸುತ್ತಿಕೊಂಡಿದ್ದ ವೇಲನ್ನು ಬಿಚ್ಚಿರಲಿಲ್ಲ.

'ಅಕ್ಕಾ, ನನ್ನ ಪೇಜಿನೊಳಗ ನನಗ ಹೋಗಾಕ ಬರವಲ್ದು. ಯಾರ್ಯಾರೋ ಫೋನ್ ಮಾಡಾಕ ಹತ್ಯಾರ.'

'ಯಾರು?'

'ಗೊತ್ತಿಲ್ರಿ. ನನ್ನ ಹೆಸರು ಹೇಳ್ತಾರ, ಊರು ಹೇಳ್ತಾರ. ನಿನ್ನೆ ಒಬ್ಬಾಂವ ಲಾರಿ ತೂಕಕ್ಕ ನಿಲ್ಸಿ, ಕಿಟಕ್ಯಾಗ ಬಗ್ಗಿ, ನೀನ ಅಲ್ಲೇನು ಫೋಟೋದಾಗ ಇರಾಕಿ ಅಂದ.'

ನನ್ನ ಸ್ವಂತ ಖಾತೆಯಿಂದ ಅವಳ ಪೇಜ್ ತೆಗೆದು ನೋಡಿದೆ. ಅದೇ ನೇರಳೆ ಸೀರೆ. ಕೆಳಗೆ ಅವಳ ಬಗ್ಗೆ ಅವತ್ತು ನಾವು ಬರೆದಿದ್ದ ನಾಲ್ಕು ಸಾಲು ಇರಲಿಲ್ಲ. ಯಾವ ಹುಡುಗಿಯೂ ತನ್ನ ಬಗ್ಗೆ ಬರೆದುಕೊಳ್ಳದಂಥ ಮಾತು ಅಲ್ಲಿತ್ತು, ಅದರ ಕೆಳಗೆ ನಾನೇ ಒತ್ತಿದ ಫೋನ್ ನಂಬರು. ಅವಳು ಪರದೆಯಿಂದ ಮುಖ ತಿರುಗಿಸಿದಳು.

'ಪಾಸ್‌ವರ್ಡ್ ಯಾರಿಗರ ಹೇಳಿದ್ಯೇನು?' ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಗದರಿಕೆಯೂ ಇತ್ತು.

'ಇಲ್ರಿ. ನಿಮಗ ಬಿಟ್ರ ಯಾರಿಗೂ ಗೊತ್ತಿಲ್ಲ.'

ಅವಳು ಅದನ್ನು ಸುಮ್ಮನೆ ಹೇಳಿದ್ದು, ಚುಚ್ಚಿ ಹೇಳಿದ್ದಲ್ಲ. ನನ್ನ ಕಣ್ಣು ಮಾತ್ರ ತಾನಾಗಿ ಕೌಂಟರಿನ ಮೇಲಿದ್ದ ನೋಟುಬುಕ್ಕಿನತ್ತ ಹೋಯಿತು. ಯಾರು ಬೇಕಾದರೂ ತಿರುವಿ ನೋಡಬಹುದಾದ ಜಾಗ. ಅದರ ಮಾತೆತ್ತದೆ, 'ನೋಡೂಣು, ಏನರ ಮಾಡೂಣು' ಎಂದು ಅವಳನ್ನು ಕಳಿಸಿಬಿಟ್ಟೆ. ಅವಳು ಮೆಟ್ಟಿಲು ಇಳಿಯುವ ಸದ್ದು ನಿಲ್ಲುವ ತನಕ ನೋಟುಬುಕ್ಕನ್ನು ಮುಟ್ಟುವ ಧೈರ್ಯ ಬರಲಿಲ್ಲ. ಆಮೇಲೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗ ಹಾಕಿದ ಮೇಲೆ ನಾಚಿಕೆ ಇನ್ನೂ ಹೆಚ್ಚಾಯಿತು.

ಮರುದಿನ ಸೆಂಟರ್ ತೆಗೆಯದೆ ಮಲಪನಗುಡಿಯ ಬಸ್ಸು ಹತ್ತಿದೆ. ಅವಳು ಮನೆಯಲ್ಲೇ ಇದ್ದಳು, ಕೆಲಸಕ್ಕೆ ಹೋಗಿರಲಿಲ್ಲ. ಅವಳ ಅಪ್ಪ ತುಂಗಭದ್ರಾ ಡ್ಯಾಮಿನ ಕಾಲುವೆ ಆಫೀಸಿನಲ್ಲಿ ತೂಬಿನ ನೀರು ನೋಡಿಕೊಳ್ಳುವ ಕೆಲಸದವರು. ಆಗಷ್ಟೇ ಸೈಕಲ್ಲು ಹೊರಗೆ ತೆಗೆಯುತ್ತಿದ್ದರು. ನನ್ನನ್ನು ಕಂಡು ಮತ್ತೆ ಗೋಡೆಗೆ ಒರಗಿಸಿದರು. ಕಟ್ಟೆಯ ಮೇಲೆ ಕೂತು, ಅಪ್ಪ, ಅವ್ವ, ಮಗಳು ಮೂವರ ಎದುರಿಗೂ, ನೋಟುಬುಕ್ಕಿನ ವಿಷಯವನ್ನೆಲ್ಲ ಹೇಳಿದೆ. ನಿನ್ನೆ ಗೊತ್ತಾಗಿಯೂ ಬಾಯಿ ಬಿಡಲಿಲ್ಲ ಎನ್ನುವುದನ್ನೂ ಹೇಳಿದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. 'ನಾನು ನಿನ್ನೆ ಎಲ್ಲಾ ಗೆಳತ್ಯಾರ್ನ ಒಬ್ಬೊಬ್ಬರನ್ನ ಅನುಮಾನ ಮಾಡ್ಕೋತ ಕುಂತಿದ್ದೆ ಅಕ್ಕಾ' ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಅವ್ವ ಅಳುತ್ತಿದ್ದರು. 'ಇನ್ನ ಆ ಕೆಲಸಕ್ಕ ಹೋಗೂದು ಬ್ಯಾಡ. ಫೋನೂ ಬ್ಯಾಡ.'

ಅಪ್ಪ ಹೆಂಡತಿಯ ಕಡೆ ತಿರುಗಿ, 'ಅಕಿ ಏನ್ ತಪ್ಪು ಮಾಡ್ಯಾಳಂತ ಮನ್ಯಾಗ ಕುಂದರ್ಬೇಕು?' ಎಂದರು. ನನಗೆ ಹೇಳಿದರು: 'ನೋಡವಾ ತಂಗಿ, ನೀ ಮಾಡಿದ್ದು ಸರಿ ಅಲ್ಲ. ಹೇಳಾಕ ಬಸ್ ಹತ್ತಿ ಬಂದೀಯಲ್ಲ, ಅದೊಂದು ಚಲೋ ಆತು. ಚಾ ಕುಡಿ. ಕುಡದು, ಅದನ್ನ ಹೆಂಗ ಬಂದ್ ಮಾಡೂದು ಹೇಳು.'

ಮೂವರೂ, ಅಂದರೆ ಅಪ್ಪ, ಮಗಳು, ನಾನು, ಮುಂದಿನ ಬಸ್ಸಿಗೆ ವಾಪಸ್ ಬಂದೆವು. ಪಾಸ್‌ವರ್ಡ್ ಮರೆತವರಿಗೆಂದು ತಾಣದಲ್ಲಿ ಒಂದು ಪ್ರಶ್ನೆ ಇರುತ್ತಿತ್ತು. ಅದಕ್ಕೆ ಸರಿಯಾದ ಉತ್ತರ ಕೊಟ್ಟರೆ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಪಾಸ್‌ವರ್ಡ್ ಬದಲಿಸಿದ್ದವನು ಪ್ರಶ್ನೆಯನ್ನು ಮುಟ್ಟಿರಲಿಲ್ಲ, ಅದು ನಮ್ಮ ಪುಣ್ಯ. ಪ್ರಶ್ನೆ: ನಿಮ್ಮ ತಾಯಿ ಹುಟ್ಟಿದ ಊರು ಯಾವುದು?

'ಕಂಪ್ಲಿ' ಎಂದರು ಅಪ್ಪ ತಕ್ಷಣ. ಆಮೇಲೆ, 'ಇದು ನಮ್ಮ ಊರಾಗ ಎಲ್ಲರಿಗೂ ಗೊತ್ತೈತೆಲ್ಲವಾ, ಇದೇನು ಗುಟ್ಟು?' ಎಂದು ನನ್ನ ಮುಖ ನೋಡಿದರು.

ಇಂಗ್ಲಿಷಿನಲ್ಲಿ ಕಂಪ್ಲಿಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ನಡುವೆ ಒಂದು ಐ ಸೇರಿಸುವವರುಂಟು, ಕೊನೆಗೆ ವೈ ಹಾಕುವವರುಂಟು. ಅವತ್ತು ಪೇಜ್ ಮಾಡುವಾಗ ನಾನು ಹೇಗೆ ಬರೆದಿದ್ದೆನೋ ನೆನಪಿಗೆ ಬರಲಿಲ್ಲ. ಮೂರು ಥರ ಪ್ರಯತ್ನಿಸಿದೆವು, ಮೂರೂ ತಪ್ಪು. ಇನ್ನು ನಾಳೆ ಬನ್ನಿ ಎಂದು ತಾಣ ಬಾಗಿಲು ಹಾಕಿತು. ಅವಳ ಪೇಜ್ ಮಾತ್ರ ಇನ್ನೊಂದು ದಿನ ಎಲ್ಲರಿಗೂ ತೆರೆದೇ ಇತ್ತು. ಅವಳ ಕೈಯಲ್ಲಿದ್ದ ಫೋನು ಮೂರು ಸಲ ಬಡಿದುಕೊಂಡಿತು. ಅಪ್ಪ ಅದನ್ನು ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ನಾಲ್ಕನೆಯ ಸಲ ಬಡಿದಾಗ ತಾವೇ ಎತ್ತಿ, 'ಹೇಳಪ್ಪಾ, ನಾನು ಅಕಿ ಅಪ್ಪ ಮಾತಾಡೂದು' ಎಂದರು. ಆ ಕಡೆಯವನು ಇಟ್ಟುಬಿಟ್ಟ.

ಮರುದಿನ ಅವಳು ಅಪ್ಪನ ಜೊತೆ ಒಂದು ಮದುವೆ ಕಾರ್ಡು ಹಿಡಿದುಕೊಂಡು ಬಂದಳು. ಕಂಪ್ಲಿಯ ಸೋದರಮಾವನ ಮದುವೆಯದು, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. 'ನಾನು ಯಾವಾಗ್ಲೂ ಇದ್ರಾಗಿನ ಸ್ಪೆಲ್ಲಿಂಗ್ ಬರೀತೀನ್ರಿ. ಅವತ್ತು ನೀವು ಕೇಳಿದಾಗೂ ಇದನ್ನ ಹೇಳಿರಬೇಕು.' ನಡುವೆ ಐ, ಕೊನೆಗೆ ವೈ. ಅವಳೇ ಒತ್ತಿದಳು. ಬಾಗಿಲು ತೆರೆಯಿತು.

ಒಳಗೆ ಅವಳ ಹೆಸರಿನಲ್ಲಿ ಎಷ್ಟೋ ಜನಕ್ಕೆ ಮಾತು ಹೋಗಿತ್ತು. ಕಾಲೇಜಿನ ಗೆಳತಿಯರಿಗೆ, ಅವರ ಅಣ್ಣಂದಿರಿಗೆ, ಗುರುತಿಲ್ಲದವರಿಗೆ. 'ಇದನ್ನ ಪೂರಾ ಅಳಿಸಿಬಿಡೂಣು' ಎಂದೆ. ಗುಂಡಿಯ ಮೇಲೆ ಬೆರಳಿಟ್ಟಿದ್ದೆ.

'ತಡೀರಿ ಅಕ್ಕಾ' ಎಂದು ನನ್ನ ಕೈ ಹಿಡಿದಳು. 'ಈಗ ಅಳಿಸಿದ್ರ ನಾನ ಬರದು ಓಡಿಹೋದ್ಲು ಅಂತಾರ. ಮೊದ್ಲ ಏನೇನು ಹೋಗೈತಿ ನಾನು ನೋಡ್ಬೇಕು.'

ಒಂದೊಂದನ್ನೂ ಓದಿದಳು. ನಾನು ಪ್ರತಿಯೊಂದನ್ನೂ ಪ್ರಿಂಟ್ ತೆಗೆದೆ. ಅವುಗಳ ಮೇಲೆ ಕಳಿಸಿದ ದಿನ, ಹೊತ್ತು ಎರಡೂ ಇದ್ದವು. ಯಾವ ಯಂತ್ರಕ್ಕೆ ಯಾರು ಎಷ್ಟು ಹೊತ್ತಿಗೆ ಕೂತರು ಎಂದು ಬರೆಸಿಕೊಳ್ಳುವ ಇನ್ನೊಂದು ಪುಸ್ತಕ ನನ್ನಲ್ಲಿತ್ತು. ಹೋಲಿಸಿ ನೋಡಿದೆವು. ಆ ಹೊತ್ತುಗಳಲ್ಲೆಲ್ಲ ತಪ್ಪದೆ ಇದ್ದ ಸಹಿ ಒಬ್ಬನದೇ, ಕೌಂಟರಿಗೆ ಹತ್ತಿರದ ಯಂತ್ರದ ಎದುರಿಗೆ. ಲಾರಿ ಆಫೀಸೊಂದರ ಗುಮಾಸ್ತ, ಪರ್ಮಿಟ್ ಕಾಗದ ಪ್ರಿಂಟ್ ಮಾಡಿಸಲು ದಿನಾ ಬರುವವನು. ಮೂವತ್ತು ದಾಟಿದ, ಮದುವೆಯಾದ ಮನುಷ್ಯ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ತಾನೇ ಎದ್ದು ಬಿಡಿಸಿಕೊಡುತ್ತಿದ್ದ. ತನ್ನ ಪಾಸ್‌ವರ್ಡ್ ಮರೆತಾಗ ನೋಟುಬುಕ್ಕನ್ನು ತಾನೇ ಎಳೆದುಕೊಂಡು ನೋಡುತ್ತಿದ್ದ. ನನಗೆ ಅವನು ಒಳ್ಳೆಯವನೆಂದೇ ಅನಿಸಿತ್ತು.

ಆ ದಿನ ಅವನು ಬಂದಾಗ ಅಪ್ಪ ಮಗಳು ಇಬ್ಬರೂ ಅಲ್ಲೇ ಇದ್ದರು. ಪ್ರಿಂಟುಗಳನ್ನು ಅವನ ಮುಂದಿಟ್ಟೆ. ಮೊದಲು ನಕ್ಕ. 'ತಮಾಷಿಗೆ ಮಾಡೀನ್ರಿ ಅಕ್ಕಾ. ನಮ್ಮ ಡ್ರೈವರ್‌ಗಳು ಸುಮ್ನ ನಗ್ತಿದ್ರು, ಅಷ್ಟ.'

ಅವಳು ಹೇಳಿದಳು, 'ನನ್ನ ಕಿಟಕಿ ಮುಂದ ದಿನಕ್ಕ ಎಷ್ಟು ಲಾರಿ ನಿಲ್ತಾವ ನಿಮಗ ಗೊತ್ತೈತೇನ್ರಿ? ಪ್ರತಿ ಲಾರಿಗೂ, ಇಂವ ಓದ್ಯಾನೋ ಇಲ್ಲೋ ಅಂತ ಅಂಜಿಕೊಂಡು ಚೀಟಿ ಕೊಟ್ಟೀನಿ.'

ಅವನ ನಗು ನಿಂತಿತು. ಅಪ್ಪನ ಕೈ ಮುಷ್ಟಿಯಾಗಿತ್ತು, ಆದರೆ ಮಾತನ್ನು ಮಗಳಿಗೇ ಬಿಟ್ಟಿದ್ದರು. ಅವಳು ಕುರ್ಚಿ ಎಳೆದು ತೋರಿಸಿದಳು. 'ಕುಂದರ್ರಿ. ಯಾರ್ಯಾರಿಗೆ ಕಳಿಸೀರೋ ಅವರಿಗೆಲ್ಲ ನಿಮ್ಮ ಖಾತೆಯಿಂದ, ನಿಮ್ಮ ಹೆಸರಿನಿಂದ ಬರೀರಿ. ಅದು ಅಕಿ ಬರದಿದ್ದಲ್ಲ, ನಾ ಬರದಿದ್ದು ಅಂತ. ಇನ್ನೊಂದು ಫೋನ್ ಬಂದ್ರ ಈ ಕಾಗದ ಸ್ಟೇಷನ್ನಿಗೆ ಹೋಗ್ತಾವ.'

ಅವನು ಬರೆದ. ಮಧ್ಯಾಹ್ನದಿಂದ ಸಂಜೆ ದೀಪ ಹಚ್ಚುವ ಹೊತ್ತಿನ ತನಕ ಬರೆದ. ಕೆಳಗಿನ ಹೋಟೆಲಿನಿಂದ ಚಹಾ ಬಂದಾಗ ಅಪ್ಪ ಅವನ ಮುಂದೂ ಒಂದು ಲೋಟ ಇಟ್ಟರು. ಅದನ್ನು ನೋಡಿ ಅವನ ಕಣ್ಣಲ್ಲಿ ನೀರು ಬಂತು. ಅವನ ಮೇಲೆ ನನಗೆ ಕನಿಕರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ತಪ್ಪೂ ಅವನ ತಪ್ಪೂ ಒಂದೇ ಕೋಣೆಯಲ್ಲಿ ಕೂತಿದ್ದವು.

ಅವಳು ಪೇಜನ್ನು ಅಳಿಸಲಿಲ್ಲ. ಅವನು ಬರೆದಿದ್ದನ್ನೆಲ್ಲ ಅಳಿಸಿದಳು, ಫೋನ್ ನಂಬರ್ ತೆಗೆದಳು, ಕೆಲಸದ ಜಾಗ ತೆಗೆದಳು, ಹುಟ್ಟಿದ ದಿನ ತೆಗೆದಳು. ಫೋಟೋವನ್ನು ಗೆಳೆಯರಿಗಷ್ಟೇ ಕಾಣುವ ಹಾಗೆ ಮಾಡುವುದು ಹೇಗೆಂದು ಇಬ್ಬರೂ ಕೂತು ಹುಡುಕಿದೆವು. ಅಂಥದ್ದೊಂದು ಸೌಲಭ್ಯ ಮೊದಲಿನಿಂದಲೂ ಅಲ್ಲೇ ಇತ್ತು, ಮೂಲೆಯಲ್ಲಿ. ಗುಟ್ಟಿನ ಪ್ರಶ್ನೆಗೆ ಬಂದಾಗ ಅವಳು ಸ್ವಲ್ಪ ಯೋಚಿಸಿ, 'ಅವ್ವನ ಊರು ಯಾವುದು ಅಂತ ಕೇಳಿದ್ರ ಖರೇನ ಯಾಕ ಹೇಳ್ಬೇಕ್ರಿ?' ಎಂದಳು. ನನ್ನನ್ನು ಆಚೆ ತಿರುಗಲು ಹೇಳಿ ಏನೋ ಒತ್ತಿದಳು, ಒತ್ತುತ್ತಲೇ ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಹೊಸ ನಂಬರ್ ತೆಗೆದುಕೊಂಡು ಅದೇ ಕಿಟಕಿಗೆ ವಾಪಸ್ ಹೋದಳು. ಒಂದೆರಡು ತಿಂಗಳು ಅಪ್ಪ ಸೈಕಲ್ಲಿನಲ್ಲಿ ಬಂದು ಬಸ್ಸು ಹತ್ತಿಸಿ ಹೋಗುತ್ತಿದ್ದರು, ಆಮೇಲೆ ಅವಳೇ ಬೇಡವೆಂದಳು. ನಾನು ನೋಟುಬುಕ್ಕಿನ ಒಂದೊಂದು ಸಾಲನ್ನೂ ಕತ್ತರಿಸಿ, ಬಂದಬಂದವರಿಗೆ ಅವರವರ ಚೀಟಿ ಕೊಟ್ಟು, ಹಳೆಯ ಪಾಸ್‌ವರ್ಡ್ ಬದಲಿಸಿಕೊಳ್ಳಿರೆಂದು ಹೇಳಿದೆ. ಕೆಲವರು ಸಿಟ್ಟಾದರು, 'ಈಗ ಮರ್ತ್ರ ಏನ್ ಮಾಡೂದು?' ಎಂದರು. ಮರೆತವರಿಗೆ ಮತ್ತೆ ಪಕ್ಕದಲ್ಲಿ ಕೂತು ಹೊಸದಾಗಿ ಮಾಡಿಕೊಟ್ಟೆ, ಪಾಸ್‌ವರ್ಡ್ ಒತ್ತುವಾಗ ಕಿಟಕಿಯ ಕಡೆ ನೋಡುತ್ತಿದ್ದೆ.

ಗಣಿ ತಣ್ಣಗಾಗಿ, ಎಲ್ಲರ ಕೈಗೂ ಫೋನು ಬಂದು, ನನ್ನ ಸೆಂಟರಿಗೆ ಜನ ಕಡಿಮೆಯಾದರು. ಯಂತ್ರಗಳನ್ನು ಸಂಡೂರಿನ ಒಬ್ಬರು ಕೊಳ್ಳಲು ಒಪ್ಪಿದರು. ಕೊಡುವ ಮುಂಚೆ ತೆರೆದು ನೋಡಿದರೆ, ಒಳಗೆ ಊರಿನ ಅರ್ಧ ಜನರ ಬದುಕೇ ಇತ್ತು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಮದುವೆಗೆ ಕಳಿಸಿದ ಫೋಟೋ, ಕೆಲಸದ ಅರ್ಜಿ. ಒಂದು ವಾರ ಕೂತು ಯಾರ ಗುರುತು ಸಿಕ್ಕಿತೋ ಅವರಿಗೆಲ್ಲ ಫೋನ್ ಮಾಡಿದೆ: ನಿಮ್ಮದು ಇಲ್ಲಿದೆ, ಬೇಕೆಂದರೆ ಒಯ್ಯಿರಿ, ಬೇಡವೆಂದರೆ ಅಳಿಸುತ್ತೇನೆ.

ಬಹಳ ಜನ ಅಳಿಸಿಬಿಡಿ ಎಂದರು. ಕಂಪ್ಲಿಯ ಭತ್ತದ ವ್ಯಾಪಾರಿಯೊಬ್ಬರು ಮಾತ್ರ ಫೋನ್ ಇಟ್ಟ ಎರಡು ತಾಸಿಗೆ ಬಂದು ನಿಂತರು. ತೀರಿಕೊಂಡ ಹೆಂಡತಿಯ ಒಂದು ಫೋಟೋವನ್ನು ಯಾವುದೋ ಅರ್ಜಿಗೆಂದು ಎಷ್ಟೋ ವರ್ಷದ ಹಿಂದೆ ನನ್ನಲ್ಲಿ ಸ್ಕ್ಯಾನ್ ಮಾಡಿಸಿದ್ದರಂತೆ. ಮೂಲ ಫೋಟೋ ಮನೆ ಬದಲಿಸುವಾಗ ಕಳೆದುಹೋಗಿತ್ತು. ಪರದೆಯ ಮೇಲೆ ಆಕೆಯ ಮುಖ ಬಂದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎರಡು ಸಿ.ಡಿ.ಗೆ ಹಾಕಿಕೊಟ್ಟೆ, ಒಂದು ದೊಡ್ಡ ಪ್ರಿಂಟೂ ತೆಗೆದುಕೊಟ್ಟೆ.

'ಇನ್ನ ಇದ್ರಾಗ ಇರಾಂಗಿಲ್ಲಲ್ಲವಾ?' ಎಂದು ಯಂತ್ರ ತೋರಿಸಿ ಕೇಳಿದರು.

'ಇರಾಂಗಿಲ್ಲ ಕಾಕಾ. ನಿಮ್ಮ ಕಣ್ಮುಂದ ಅಳಸ್ತೀನಿ, ಕುಂದರ್ರಿ' ಎಂದೆ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು.