ಕೇಕಿನ ಡಬ್ಬಿಯಲ್ಲಿ ಹನ್ನೊಂದು ದಿನ ಕೂತ ಅರ್ಜಿ

ಕಳೆದ ಶುಕ್ರವಾರ ಊಟ ಮುಗಿಸಿ, ಟಿಫಿನ್ ಡಬ್ಬಿ ತೊಳೆದುಕೊಂಡು ಬರುವಷ್ಟರಲ್ಲಿ ಸುತಪಾ ನನ್ನ ಮೇಜಿನ ಮುಂದೆ ನಿಂತಿದ್ದಳು.

"ದೀದಿ, ನನ್ನ ಅರ್ಜಿ ಹೆಡ್ ಆಫೀಸಿಗೆ ಬಂದೇ ಇಲ್ಲವಂತೆ. ಇವತ್ತು ಐದಕ್ಕೆ ಲಿಸ್ಟ್ ಕ್ಲೋಸ್!"

ಸುತಪಾ ನಮ್ಮ ಸೆಕ್ಷನ್ನಿನ ಕ್ಲರ್ಕ್. ಸಿಲಿಗುರಿಯಲ್ಲಿ ಅವಳ ತಾಯಿ ಲಕ್ವ ಹೊಡೆದು ಮಲಗಿದ್ದಾರೆ, ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ಅಲ್ಲಿಗೆ ವರ್ಗ ಕೇಳಿದ ಅರ್ಜಿ ಅದು. ಈ ಲಿಸ್ಟ್ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಅರ್ಜಿ ಎಲ್ಲಿತ್ತು ಅಂತೀರಾ? ನನ್ನ ಮೇಜಿನ ಮೇಲೆಯೇ, ಹಳೆಯ ಕೇಕಿನ ಡಬ್ಬಿಯಲ್ಲಿ. ಹನ್ನೊಂದು ದಿನದಿಂದ ಅದರ ಮೇಲೆ ಕೈಯಿಟ್ಟು ನಾನು ಪ್ರಾರ್ಥಿಸುತ್ತಿದ್ದೆ...

ನಗಬೇಡಿ, ಪೂರ್ತಿ ಓದಿ.

ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಶುರುವಾದಾಗ ನಮ್ಮ ಚರ್ಚಿನ ಸಭಾಪಾಲಕರು, ಪ್ರಾರ್ಥನೆಯನ್ನೂ ಪ್ರೀತಿಯನ್ನೂ ಭಾನುವಾರದ ಸೀರೆಯ ಹಾಗೆ ಮಡಿಸಿಡಬೇಡಿ, ಕೆಲಸದ ಜಾಗಕ್ಕೆ ಒಯ್ಯಿರಿ ಎಂದಿದ್ದರು. ನಾನು ಒಯ್ದೆ. ದಕ್ಷಿಣೇಶ್ವರದ ನಮ್ಮ ಆಫೀಸಿಗೆ, ಡಬ್ಬಿಯಲ್ಲಿ ಹಾಕಿಕೊಂಡು.

ಕ್ರಿಸ್‌ಮಸ್ಸಿಗೆ ಬಂದಿದ್ದ ಕೇಕಿನ ಡಬ್ಬಿಗೆ 'ಪ್ರೇಯರ್ ಬಾಕ್ಸ್' ಎಂದು ಚೀಟಿ ಅಂಟಿಸಿ, ಯಾರಿಗೆ ಏನೇ ಚಿಂತೆ ಇದ್ದರೂ ಬರೆದು ಹಾಕಿ ಎಂದು ಸೆಕ್ಷನ್ನಿಗೆಲ್ಲ ಸಾರಿದೆ. ಬರೆದದ್ದನ್ನು ನಾನು ತೆರೆದು ಓದುವುದಿಲ್ಲ, ದೇವರಿಗೆ ಗೊತ್ತಾದರೆ ಸಾಕು. ಇದು ನಾನೇ ಮಾಡಿಕೊಂಡ ನಿಯಮ. ಎಂಥ ದೊಡ್ಡ ಮನಸ್ಸು ನನ್ನದು ಎಂದು ಒಳಗೊಳಗೇ ಹಿಗ್ಗೂ ಇತ್ತು.

ಸುತಪಾ ಲಕೋಟೆ ಹಿಡಿದು ಬಂದ ದಿನ ಅವಳ ಕಣ್ಣು ತುಂಬಿತ್ತು. "ದೀದಿ, ಇದೊಂದು ಸ್ವಲ್ಪ..." ಎಂದಳಷ್ಟೆ. ಏನೂ ಹೇಳಬೇಡ ಎಂದು ಅವಳ ತಲೆ ಸವರಿ, ಲಕೋಟೆ ಇಸಿದುಕೊಂಡು ನಾನೇ ಡಬ್ಬಿಗೆ ಹಾಕಿದೆ.

ಪಾಪ, ಅರ್ಜಿ ಕೊಡಲು ಇದೇ ಹೊಸ ಪದ್ಧತಿ ಇರಬೇಕು ಎಂದುಕೊಂಡಳು ಅವಳು. ಸೆಕ್ಷನ್ನಿನ ಹಿರಿಯಳು ನಾನೇ ತಾನೆ. ಅರ್ಜಿ ಮುಂದೆ ಹೋಗಬೇಕಾದರೆ ನನ್ನ ಸಹಿಯೇ ಬೇಕು.

ನಡುವೆ ಎರಡು ಸಲ "ನಂದು ಏನಾಯ್ತು ದೀದಿ?" ಎಂದು ಕೇಳಿದ್ದಳು. "ದಿನಾ ಬೆಳಿಗ್ಗೆ ಮೊದಲು ನಿಂದೇ ಎತ್ಕೋತೀನಮ್ಮ, ನಂಬಿಕೆ ಇರಲಿ" ಎಂದಿದ್ದೆ. ಅವಳೂ ನೆಮ್ಮದಿಯಿಂದ ಹೋಗಿದ್ದಳು.

ಶುಕ್ರವಾರ ಡಬ್ಬಿ ತೆರೆದು ಮೇಜಿನ ಮೇಲೆ ಸುರಿದೆ. ಪಕ್ಕದ ಮೇಜಿನ ತಪನ್‌ದಾ ಎದ್ದು ಬಂದು ಒಂದೊಂದೇ ಚೀಟಿ ಬಿಡಿಸಿ ಓದತೊಡಗಿದರು. ಒಬ್ಬರಿಗೆ ಫ್ಯಾನ್ ರಿಪೇರಿ ಆಗಬೇಕು. ಒಬ್ಬರಿಗೆ ಮಗಳ ಮದುವೆಗೆ ರಜೆ ಬೇಕು.

"ಅರೇ ದೀದಿ, ಇದರಲ್ಲಿ ದೇವರ ಕೆಲಸ ಎಲ್ಲಿದೆ? ಎಲ್ಲ ನಿಮ್ಮದೇ! ಫೈಲಲ್ಲಿ ಕೊಟ್ಟರೆ ನೀವು ನೋಡಲ್ಲ, ಡಬ್ಬಿ ಮುಂದೆ ಆದರೆ ದಿನಾ ಕೂತ್ಕೋತೀರಿ. ಅದಕ್ಕೇ ಇಲ್ಲಿ ಹಾಕಿದ್ವಿ."

ಆ ರಾಶಿಯಿಂದ ಸುತಪಾಳ ಲಕೋಟೆ ಹುಡುಕಿ ತೆಗೆದು ಬ್ಯಾಗಿಗೆ ಹಾಕಿಕೊಂಡೆ.

ನಾನು, ಸುತಪಾ ಮೆಟ್ರೋ ಹತ್ತಿದೆವು. ಹೆಡ್ ಆಫೀಸ್ ಇರುವುದು ಕಸ್ಬಾದಲ್ಲಿ. ಕಾಳಿಘಾಟ್‌ನಲ್ಲಿ ಇಳಿದು ಆಟೋ ಹಿಡಿಯಬೇಕು. ಸೀಟು ಸಿಕ್ಕ ಕೂಡಲೇ ಅಭ್ಯಾಸಬಲ, ನನ್ನ ಕಣ್ಣುಗಳು ಮುಚ್ಚಿಕೊಂಡವು.

"ದೀದಿ, ಈಗ ಬೇಡ," ಸುತಪಾ ಮೊಣಕೈಯಿಂದ ತಿವಿದಳು. "ಮೊದಲು ಫಾರ್ಮ್ ತುಂಬಿಸಿ."

ಅರ್ಜಿಯ ಜೊತೆ ನಾನು ತುಂಬಿ ಸಹಿ ಹಾಕಬೇಕಾದ ಆ ಫಾರ್ಮಿನಲ್ಲಿ 'ವಿಳಂಬಕ್ಕೆ ಕಾರಣ' ಎಂದೊಂದು ಕಾಲಂ. ಇಷ್ಟು ವರ್ಷ ಬರೆದ ಕೈ ತಾನಾಗಿಯೇ ಬರೆಯಿತು: ಆಡಳಿತಾತ್ಮಕ ಕಾರಣಗಳಿಂದ.

ಲಿಸ್ಟ್ ನೋಡುವ ಚಕ್ರವರ್ತಿಬಾಬು ಅದರ ಮೇಲೆ ಬೆರಳಿಟ್ಟರು. "ಮ್ಯಾಡಮ್, ಹೀಗೆ ಬರೆದರೆ ಯಾವ ಕಾರಣ ಅಂತ ನಿಮ್ಮ ಆಫೀಸಿಗೆ ಪತ್ರ ಹಾಕಬೇಕು. ನೀವು ಉತ್ತರಿಸೋದರೊಳಗೆ ಲಿಸ್ಟ್ ಹೋಗಿರುತ್ತೆ. ಯಾರ ತಪ್ಪು ಅಂತ ಹೆಸರು ಬರೆದರೆ ಮಾತ್ರ ಇವತ್ತೇ ತಗೋತೀನಿ. ಆದರೆ ಅವರಿಗೆ ಮೆಮೊ ಬರುತ್ತೆ, ಈಗಲೇ ಹೇಳ್ತೀನಿ."

ನನ್ನ ನಿವೃತ್ತಿಗೆ ಐದು ತಿಂಗಳಿದೆ. ಇಡೀ ಸರ್ವೀಸಿನಲ್ಲಿ ಒಂದೂ ಮೆಮೊ ಇಲ್ಲ. ಬೀಳ್ಕೊಡುಗೆಯ ದಿನ ಅದನ್ನು ಹೇಗೆ ವಿನಯದಿಂದ ಹೇಳಿಕೊಳ್ಳಬೇಕು ಎಂದು ಎರಡು ಸಾಲು ಕೂಡ ಬರೆದಿಟ್ಟಿದ್ದೆ.

ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ... ಟಪಾಲು ನೋಡುವವರು ತಪನ್‌ದಾ, ಅವರ ಹೆಸರು ಬರೆದರೂ ನಡೆಯುತ್ತದೆ ಎಂಬ ಯೋಚನೆ ಬಂತು. ಹನ್ನೊಂದು ದಿನ ಎಲ್ಲರಿಗಾಗಿ ಪ್ರಾರ್ಥಿಸಿದ ಇದೇ ತಲೆಗೇ ಬಂತು.

ಸುತಪಾ ನನ್ನ ಮುಖ ನೋಡಲಿಲ್ಲ. ಗೋಡೆಯ ಗಡಿಯಾರ ನೋಡುತ್ತಿದ್ದಳು.

ಬರೆದದ್ದನ್ನು ಹೊಡೆದುಹಾಕಿದೆ. 'ಅರ್ಜಿ ಹನ್ನೊಂದು ದಿನ ನನ್ನ ಬಳಿಯೇ ಇತ್ತು. ನಾನು ತೆರೆದು ನೋಡಲಿಲ್ಲ. ತಪ್ಪು ನನ್ನದು' ಎಂದು ಬರೆದು, ಕೆಳಗೆ ಹೆಸರು ಹಾಕಿದೆ.

ಚಕ್ರವರ್ತಿಬಾಬು ಎರಡು ಸಲ ಓದಿದರು. "ತೆರೆದು ನೋಡಿಲ್ಲ. ಮತ್ತೆ ಹನ್ನೊಂದು ದಿನ ಅದನ್ನಿಟ್ಟುಕೊಂಡು ಏನು ಮಾಡ್ತಿದ್ರಿ?"

"ಪ್ರಾರ್ಥನೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಸೀಲು ಒತ್ತಿದರು. ನಾಲ್ಕೂ ಮುಕ್ಕಾಲು.

ಹೊರಗೆ ಫುಟ್‌ಪಾತಿನಲ್ಲಿ ಸುತಪಾ ನನ್ನ ಕೈ ಹಿಡಿದುಕೊಂಡು ಅತ್ತಳು. ಕ್ಷಮಿಸುತ್ತಾಳೆ, ಹೊಗಳುತ್ತಾಳೆ ಎಂದು ನಾನು ಕಾಯುತ್ತಿದ್ದೇನೆ, ನೋಡಿ!

"ನಿಮ್ಮ ಮೇಲೆ ಭಯಂಕರ ಕೋಪ ಬಂದಿದೆ ದೀದಿ," ಎಂದಳು, ಕೈ ಮಾತ್ರ ಬಿಡದೆ. "ಅಮ್ಮನ ಹತ್ತಿರ ಹೋದ ಮೇಲೆ ಕಡಿಮೆಯಾಗಬಹುದು."

ಮೆಮೊ ನಿನ್ನೆ ಬಂತು. ಗದಗಿನ ನಮ್ಮ ದೊಡ್ಡಕ್ಕನಿಗೆ ಫೋನ್ ಮಾಡಿ ಹೇಳಿದರೆ, "ನಿನಗ ಸಣ್ಣಾಕಿದ್ದಾಗಿಂದ ಕಣ್ಣು ಮುಚ್ಚೂದು ಭಾಳ ಛಲೋ ಬರ್ತೈತಿ ಬಿಡವಾ" ಎಂದು ನಕ್ಕಳು. ನಾನೂ ನಕ್ಕೆ. ಮೆಮೊಗೆ ಉತ್ತರ ಇನ್ನೂ ಬರೆಯಬೇಕು.

ನಿಮ್ಮನ್ನು ಒಂದು ಮಾತು ಕೇಳಲೇ? 'ನಿನಗಾಗಿ ಪ್ರಾರ್ಥಿಸ್ತೀನಿ' ಎಂದು ನೀವು ಯಾರಿಗೆ ಹೇಳಿದ್ದೀರೋ, ಅವರು ನಿಮ್ಮ ಹತ್ತಿರ ಕೇಳಲು ಬಂದದ್ದು ಅದನ್ನೇನಾ ಎಂದು ಒಮ್ಮೆಯಾದರೂ ವಿಚಾರಿಸಿದ್ದೀರಾ?