ಹೊಟ್ಟುಮಾವನ ಒಲೆ ರಿಪೇರಿ

ಹೊಟ್ಟು-ಹುಲ್ಲು ಒತ್ತಿ ಉರುವಲ ಬಿಲ್ಲೆ ಮಾಡಿ ಊರಿನ ಮನೆಗಳನ್ನೆಲ್ಲ ಬೆಚ್ಚಗಿಡುವ ಹೊಟ್ಟುಮಾವ ಬರುತ್ತಿದ್ದಾನೆಂದರೆ ಹೆಂಗಸರು ಮೊದಲು ಪೊರಕೆ ಬಚ್ಚಿಡುತ್ತಾರೆ. ಒಣಗಿದ್ದೇನು ಕಂಡರೂ ಅವನು ಒಂದು ಕಡ್ಡಿ ಕಿತ್ತು ಕಚ್ಚಿ ನೋಡುತ್ತಾನೆ. “ಕಟ್ ಅಂದ್ರೆ ಬೆಂಕಿ, ಮೆತ್ತಗಿದ್ರೆ ಬರೀ ಹೊಗೆ!” ಬೀಗರ ಮನೆಯ ಚಾಪೆಯನ್ನೂ ಹೀಗೇ ಕಚ್ಚಿ ಹೆಂಡತಿಯ ಮಾನ ಕಳೆದವನು. ಆದರೆ ಒಂದು ಕಿಡಿ ಬಿದ್ದರೂ ಕಥೆ ಮುಗಿಯಿತೆಂದು ತನ್ನ ಹೊಟ್ಟಿನ ಶೆಡ್ಡಿನೊಳಗೆ ಬೆಂಕಿಕಡ್ಡಿಯನ್ನೂ ತರಗೊಡುವುದಿಲ್ಲ. ಕೊರೆಯುವ ಚಳಿಯಲ್ಲಿ ದಿನವಿಡೀ ಅಲ್ಲೇ ನಡುಗುತ್ತಾನೆ. ಸಂಜೆಯಾದರೆ ಯಾರಾದರೊಬ್ಬಳು ತನ್ನ ಮನೆ ಬಾಗಿಲಲ್ಲಿ ನಿಂತು ಕೂಗುತ್ತಾಳೆ: “ಮಾವ, ಈ ಒಲೆ ಯಾಕೋ ಸರಿಯಾಗಿ ಉರೀತಿಲ್ಲ, ಸ್ವಲ್ಪ ಬಂದು ನೋಡಿ!” ಗೊಣಗುತ್ತಲೇ ಬಂದವನು ಧಗಧಗ ಉರಿಯುವ ಒಲೆಯ ಮುಂದೆ ಎರಡೂ ಕೈ ಚಾಚಿ ಕೂತು, “ಹೂಂ, ದೊಡ್ಡ ರಿಪೇರಿನೇ ಇದೆ, ಹೊತ್ತಾಗುತ್ತೆ” ಎನ್ನುತ್ತಾನೆ.