ಪೂರ್ವಕ್ಕೆ ಇಟ್ಟ ಬಾಗಿಲು

ಒಮಾನಿನ ವಾದಿ ಕಬೀರಿನಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ, ಗಾಜಿನ ಕಪಾಟು ಮಾಡುತ್ತೇವೆ. ಒಮ್ಮೆ ಸಾಲಿಂ ಎಂಬ ಒಮಾನಿ ಯುವಕ ಬಂದು, ತನ್ನ ಸಾಕುಹಾವಿಗೆ ಹಳೇ ಪೆಟ್ಟಿಗೆ ಸಾಲುತ್ತಿಲ್ಲ, ಆರಡಿಯದು ಬೇಕು ಎಂದ. ನಾನು ಉಡುಪಿ ಕಡೆಯವನು. ಹಾವೆಂದರೆ ನಮಗೆ ನಾಗ. ಕೈಮುಗಿದು ಗೊತ್ತೇ ಹೊರತು ಸಾಕಿ ಗೊತ್ತಿಲ್ಲ.

ಅವನ ಮನೆಯಲ್ಲಿ ಜೋಡಿಸುವಾಗ ನಾನು ಯಾರನ್ನೂ ಕೇಳದೆ ಪೆಟ್ಟಿಗೆಯ ಬಾಗಿಲನ್ನು ಪೂರ್ವಕ್ಕೆ, ದೊಡ್ಡ ಕಿಟಕಿಗೆ ಎದುರಾಗಿ ಇಟ್ಟೆ. ನಮ್ಮ ನಾಗನಕಟ್ಟೆ ಇರುವುದೂ ಹಾಗೆಯೇ.

"ಇಲ್ಲೇಕೆ, ಸದೀಕ್?" ಎಂದ ಸಾಲಿಂ. ಇಲ್ಲಿ ಗೆಳೆಯನನ್ನು ಕರೆಯುವುದೇ ಹಾಗೆ.

"ಪೂರ್ವ ಒಳ್ಳೆಯದು."

"ಬೆಳಗಿನ ಬಿಸಿಲು ನೇರ ಗಾಜಿಗೆ ಬಿದ್ದರೆ ಹಾವು ಒಳಗೇ ಬೆಂದುಹೋಗುತ್ತದೆ!"

ನಾಚಿಕೆಯಾಯಿತು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಕಿಟಕಿಯ ಕೆಳಗಿನ ನೆರಳಿಗೆ ಸರಿಸಿ ಪಶ್ಚಿಮಕ್ಕೆ ತಿರುಗಿಸಿದೆವು. "ಖಲಾಸ್, ಕೆಲಸ ಮುಗಿಯಿತು" ಎಂದು ಅವನು ಹಾವನ್ನು ಒಳಗೆ ಬಿಟ್ಟ. ಅದು ನಾಲಗೆ ಚಾಚುತ್ತಾ ನಾಲ್ಕೂ ಮೂಲೆ ನೋಡಿ ಬಂದು, ಮರದ ಕೊರಡಿನಡಿ ಸುರುಳಿ ಸುತ್ತಿ ಮಲಗಿತು. ನನ್ನ ಕೈ ತಾನಾಗಿ ಮುಗಿದಿತ್ತು. ಸಾಲಿಂ ನಗಲಿಲ್ಲ.

ಸಂಜೆ ಊರಿಗೆ ಫೋನ್ ಮಾಡಿ, ನಾಗನಿಗೊಂದು ಮನೆ ಮಾಡಿಕೊಟ್ಟೆ ಎಂದೆ. ಅಮ್ಮನಿಗೆ ಖುಷಿಯೋ ಖುಷಿ.

"ಬಾಗಿಲು ಪೂರ್ವಕ್ಕೇ ಇಟ್ಟದ್ದಲ್ವಾ?"

"ಮೊದಲು ಇಟ್ಟದ್ದು ಪೂರ್ವಕ್ಕೇ ಅಮ್ಮ" ಎಂದೆ.

ಸುಳ್ಳೇನೂ ಹೇಳಲಿಲ್ಲ.